ಗಿರಿಜಕ್ಕನ ಸೋಮವಾರ

ಹರಪನಹಳ್ಳಿ ಬಸ್‌ಸ್ಟ್ಯಾಂಡ್ ಹಿಂದಿನ ಖಾನಾವಳಿಗೆ ಈಚೆಗೆ ರೊಟ್ಟಿ ಯಂತ್ರ ಬಂದಿದೆ. ಒಂದು ಕಡೆ ಹಿಟ್ಟಿನ ಉಂಡೆ ಇಟ್ಟರೆ ಇನ್ನೊಂದು ಕಡೆ ಕೈವಾರದಲ್ಲಿ ಗೀಚಿದಷ್ಟು ಗುಂಡಗಿನ ರೊಟ್ಟಿ ಬರುತ್ತದೆ. ಊಟಕ್ಕೆ ಬಂದವರು ಎದ್ದು ಹೋಗಿ ಅದನ್ನು ನೋಡಿ ಬರುತ್ತಾರೆ, ಮಾಲೀಕ ಗಲ್ಲಾದಲ್ಲಿ ಕೂತೇ ಗುಣಗಾನ ಮಾಡುತ್ತಾನೆ. ನಾನು ಮಾತ್ರ ಅದಕ್ಕೆ ಬೆನ್ನು ಹಾಕಿ ಕೂರುತ್ತೇನೆ. ಆದರೆ ವಾಸನೆಗೆ ಬೆನ್ನು ಹಾಕಲು ಬರುವುದಿಲ್ಲ. ಹೆಂಚಿನ ಮೇಲಿನ ಜೋಳದ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರಿದಾಗ ಏಳುವ ಹಬೆ ಇದೆಯಲ್ಲ, ಅದು ಮೂಗಿಗೆ ಬಿದ್ದರೆ ಸಾಕು, ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟುಬಿಡುತ್ತೇನೆ. ಇಂಥದೊಂದು ಯಂತ್ರ ಕೊಟ್ಟೂರಿನ ಒಂದು ಮನೆಗೆ ಮೂರು ವರ್ಷದ ಹಿಂದೆಯೇ ಬರಬೇಕಿತ್ತು. ಬಾರದೇ ಹೋದದ್ದರಲ್ಲಿ ನನ್ನ ಪಾಲಿದೆ.

ಆಗ ನಾನು ಕೊಟ್ಟೂರಿನಲ್ಲಿದ್ದೆ. ರೈಲು ನಿಲ್ದಾಣದ ಕಡೆ ಹೋಗುವ ಬೀದಿಯಲ್ಲಿ ಒಂದು ಮಹಡಿ ಹಿಡಿದು ಟ್ಯಾಲಿ ಕ್ಲಾಸು ನಡೆಸುತ್ತಿದ್ದೆ. ಮಾರ್ಕೆಟ್ಟಿನ ಅಂಗಡಿಗಳಲ್ಲಿ ಲೆಕ್ಕದ ಕೆಲಸ ಹುಡುಕುವವರು ಬೆಳಿಗ್ಗೆ ಮತ್ತು ಸಂಜೆ ಬರುತ್ತಿದ್ದರು. ನಡುಹಗಲು ನನಗೆ ಕೆಲಸವಿಲ್ಲ. ತಗಡಿನ ಮಾಡಿನ ಕೆಳಗೆ, ಫ್ಯಾನು ಸುತ್ತಿಸುವ ಬಿಸಿಗಾಳಿಯಲ್ಲಿ, ಮೊಬೈಲ್ ಹಿಡಿದು ಕೂರುತ್ತಿದ್ದೆ. ಕ್ರಿಪ್ಟೊ ನನ್ನ ತಲೆ ಹೊಕ್ಕದ್ದು ಆ ಬಿಡುವಿನಲ್ಲಿ.

ಮೊದಲ ವರ್ಷ ಎಲ್ಲರಂತೆ ಕೈ ಸುಟ್ಟುಕೊಂಡೆ. ಯಾವುದೋ ಮೊಬೈಲ್ ಗುಂಪಿನ ಮಾತು ನಂಬಿ, ನಾಯಿಯ ಚಿತ್ರವಿದ್ದ ಒಂದು ಕಾಯಿನ್ನಿಗೆ ಇದ್ದಬದ್ದದ್ದನ್ನೆಲ್ಲ ಸುರಿದೆ. ಅದು ತಳ ಕಂಡ ಮೇಲೆ ಬುದ್ಧಿ ಬಂತು. ಬುದ್ಧಿ ಬಂದದ್ದು ಒಳ್ಳೆಯದೇ, ಅದರ ಹಿಂದೆಯೇ ಬುದ್ಧಿ ಹೇಳುವ ಚಟವೂ ಬಂತು. ಪೂರ್ತಿ ಕಳೆದರೂ ಮರುದಿನ ಮನೆಯ ಒಲೆ ಹತ್ತಬೇಕು, ಅಷ್ಟೇ ದುಡ್ಡು ಹಾಕಬೇಕು ಎನ್ನುತ್ತಿದ್ದೆ. ಸಾಲ ತಂದು ಹಾಕಬಾರದು, ಇರುವುದರ ಹತ್ತು ಪಟ್ಟು ಆಡಿಸುತ್ತೇವೆ ಎಂದು ಆ್ಯಪ್ ಆಸೆ ತೋರಿಸಿದರೆ ಆ ಕಡೆ ತಲೆ ಹಾಕಬಾರದು. ಎಲ್ಲಕ್ಕಿಂತ ಮುಖ್ಯ, ಎಷ್ಟಕ್ಕೆ ಇಳಿದರೆ ಮಾರಿಬಿಡುತ್ತೇನೆ ಎಂಬುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಿರಬೇಕು, ಏಕೆಂದರೆ ಕೊಂಡ ಮೇಲೆ ಮನುಷ್ಯ ತನಗೆ ತಾನೇ ಸುಳ್ಳು ಹೇಳಿಕೊಳ್ಳಲು ಶುರುಮಾಡುತ್ತಾನೆ. ಈ ಕೊನೆಯ ಮಾತನ್ನು ನಾನು ಎಷ್ಟು ಚೆನ್ನಾಗಿ ಹೇಳುತ್ತಿದ್ದೆ ಎಂದರೆ ಕ್ಷೌರದ ಅಂಗಡಿಯಲ್ಲಿ ಕತ್ತರಿ ನಿಲ್ಲಿಸಿ ಕೇಳುತ್ತಿದ್ದರು. ಕೇಳಿ ಮರೆಯುತ್ತಿದ್ದರು. ಮರೆಯದವರು ಇಬ್ಬರೇ.

ಒಬ್ಬ ಮಾರುತೆಪ್ಪ, ಬಸ್ ಕಂಡಕ್ಟರು. ನನ್ನ ಪಕ್ಕದ ಕೋಣೆಯಲ್ಲಿದ್ದ. ಕೊಟ್ಟೂರಿನಿಂದ ಹಡಗಲಿ ಕಡೆ ಹೋಗಿಬರುವ ಬಸ್ಸಿನಲ್ಲಿ ಅವನ ಡ್ಯೂಟಿ. ಸಂಬಳದಲ್ಲಿ ಒಂದು ಪಾಲು ತೆಗೆದು, ನಾನು ಹೇಳಿದಷ್ಟೇ ಕೊಂಡು, ನಾನು ಹೇಳಿದಾಗ ಮಾರುವವನು. ಇನ್ನೊಬ್ಬರು ಗಿರಿಜಕ್ಕ. ನಮ್ಮಿಬ್ಬರ ಊಟದ ರೊಟ್ಟಿ ಅವರ ಮನೆಯದು.

ನನ್ನ ಕ್ಲಾಸಿನಿಂದ ನಾಲ್ಕು ಓಣಿ ದಾಟಿದರೆ ಒಂದು ದೊಡ್ಡ ಬೇವಿನ ಮರ, ಅಲ್ಲಿ ತಿರುಗಿದರೆ ಅವರ ಮನೆ. ಮುಂದೆ ಕಲ್ಲಿನ ಕಟ್ಟೆ, ಪಕ್ಕದಲ್ಲಿ ತಗಡು ಹೊದಿಸಿದ ಚಪ್ಪರ, ಅದರಡಿ ಎರಡು ಒಲೆ. ಗಂಡ ಲಾರಿ ಓಡಿಸುವವರು, ತಿಂಗಳಿಗೊಮ್ಮೆ ಮನೆ ಕಂಡರೆ ಹೆಚ್ಚು. ಗಿರಿಜಕ್ಕ ಬೆಳಗಿನಿಂದ ರೊಟ್ಟಿ ಬಡಿಯುತ್ತಿದ್ದರು. ಮೆತ್ತನೆಯವು ಓಣಿಯವರಿಗೆ, ಒಣಗಿಸಿದ ಕಡಕ್ ರೊಟ್ಟಿ ಮದುವೆ ಮನೆಗಳಿಗೆ. ಹಗರಿಬೊಮ್ಮನಹಳ್ಳಿ, ತಂಬ್ರಹಳ್ಳಿ ಕಡೆಯಿಂದಲೂ ಆರ್ಡರು ಬರುತ್ತಿತ್ತು. ಆ ಬೇಸಗೆಯಲ್ಲಿ ಮದುವೆಗಳು ಮೈಮೇಲೆ ಬಿದ್ದಂತೆ ಬಂದವು, ಗಿರಿಜಕ್ಕನ ಬಲಗೈ ಮಣಿಕಟ್ಟು ಅದೇ ಹೊತ್ತಿಗೆ ಕೈಕೊಟ್ಟಿತು. ಅರಿವೆ ಬಿಗಿದು ಕಟ್ಟಿ ಬಡಿಯುತ್ತಿದ್ದರು. ನಡುನಡುವೆ ನಿಲ್ಲಿಸಿ ಕೈ ಒದರುತ್ತಿದ್ದರು.

ಕೂಡ್ಲಿಗಿಯ ಡಾಕ್ಟರಿಗೆ ತೋರಿಸಿ ಬಂದ ದಿನ ಅವರು ನಗುತ್ತಲೇ ಹೇಳಿದ್ದರು, “ಕೈಗೆ ರೆಸ್ಟ್ ಕೊಡ್ರಿ ಅಂತಾರ. ಕೈಗೆ ರೆಸ್ಟ್ ಕೊಟ್ರ ರೊಟ್ಟಿ ಯಾರು ಬಡೀಬೇಕ್ರಿ ಸರ?”

ಯಂತ್ರ ಕೊಳ್ಳಬೇಕೆಂದು ಅವರು ದುಡ್ಡು ಕೂಡಿಡುತ್ತಿದ್ದರು. ಬೇಕಾದ್ದರ ಮುಕ್ಕಾಲು ಪಾಲು ಕೂಡಿತ್ತು. ಇನ್ನೊಂದು ಮದುವೆ ಸೀಜನ್ನು ಈ ಕೈಯಲ್ಲಿ ಆಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನೋಡಿದ ನಮಗೂ ಗೊತ್ತಿತ್ತು. ಮಾರುತೆಪ್ಪ ಆ್ಯಪ್‌ನಲ್ಲಿ ಹಸಿರು ಗೆರೆ ತೋರಿಸಿ ಹಲ್ಲು ಕಿರಿಯುವುದನ್ನು ದಿನವೂ ನೋಡಿ, ಒಂದು ದಿನ ಗಿರಿಜಕ್ಕ ಮೆಲ್ಲಗೆ, ತಮ್ಮ ದುಡ್ಡೂ ಹಾಗೆ ಬೆಳೆಯಬಹುದೇ ಎಂದು ಕೇಳಿದರು.

ಬೇಡ ಅಂದೆ. ಅದು ಕಳೆದರೂ ನಡೆಯುವ ದುಡ್ಡಲ್ಲ, ನಿಮ್ಮ ಕೈ ಉಳಿಸುವ ದುಡ್ಡು ಎಂದೆ. ಅಲ್ಲಿಗೇ ಬಿಟ್ಟಿದ್ದರೆ ಈವತ್ತು ನಾನು ಖಾನಾವಳಿಯಲ್ಲಿ ನೆಟ್ಟಗೆ ಕೂರುತ್ತಿದ್ದೆ. ಆದರೆ ಅವರು ಮತ್ತೆ ಕೇಳಿದರು. ನನ್ನ ನಿಯಮಗಳ ಮೇಲೆ ನನಗಿದ್ದ ಜಂಬ ಸಣ್ಣದಾಗಿರಲಿಲ್ಲ. ಅರ್ಧ ದುಡ್ಡು ಮಾತ್ರ, ಅದೂ ದೊಡ್ಡ ಎರಡು ಕಾಯಿನ್ನುಗಳಲ್ಲಿ, ಉಳಿದದ್ದು ಬ್ಯಾಂಕಿನಲ್ಲೇ ಇರಬೇಕು ಎಂದು ಕಟ್ಟುಮಾಡಿ ಒಪ್ಪಿಕೊಂಡೆ. ಅವರ ಮೊಬೈಲಿನಲ್ಲಿ ಎಲ್ಲ ನಾನೇ ಮಾಡಿಕೊಟ್ಟೆ.

ಬೆಲೆ ಇಳಿದರೆ ತಾನಾಗಿ ಮಾರುವ ಸ್ಟಾಪ್‌ಲಾಸ್ ಆರ್ಡರು ಹಾಕುವಾಗ ಒಂದು ಮಾತು ನಡೆಯಿತು. ಅದರಲ್ಲಿ ಎರಡು ಬೆಲೆ ಕೊಡಬೇಕು. ಇಷ್ಟಕ್ಕೆ ಇಳಿದಾಗ ಮಾರಲು ಶುರುಮಾಡು, ಇನ್ನೂ ಇಳಿದರೆ ಇಷ್ಟರ ತನಕ ಕೊಟ್ಟುಬಿಡು ಎಂದು. ಎರಡರ ನಡುವೆ ಸ್ವಲ್ಪ ಜಾಗ ಬಿಡಬೇಕು. ಬಿಡದಿದ್ದರೆ, ಬೆಲೆ ಧಡಕ್ಕನೆ ಬಿದ್ದಾಗ ನಮ್ಮ ಬೆಲೆಗೆ ಕೊಳ್ಳುವವರಿಲ್ಲದೆ ಆರ್ಡರು ಮೇಲೆ ನೇತಾಡಿಕೊಂಡು ಉಳಿಯುತ್ತದೆ. ಗಿರಿಜಕ್ಕನಿಗೆ ಇದು ಸರಿಬರಲಿಲ್ಲ. ಒಂದು ರೇಟು ಅಂದ ಮೇಲೆ ಒಂದೇ ರೇಟು, ತಾನು ಮದುವೆ ಮನೆಯವರಿಗೆ ಎರಡು ರೇಟು ಹೇಳುತ್ತೇನೆಯೇ ಎಂದರು. ನಾವೆಲ್ಲ ಮಾರ್ಕೆಟ್ಟಿನ ಊರಿನವರು, ಆಡಿದ ರೇಟು ಅಂದರೆ ನಮಗೆ ಆಡಿದ ಮಾತು. ನಾನೂ ನಕ್ಕು ಎರಡೂ ಬೆಲೆ ಒಂದೇ ಹಾಕಿದೆ. ನನ್ನದೂ ಮಾರುತೆಪ್ಪನದೂ ಹಾಗೇ ಇತ್ತು.

ಮೊದಲ ವಾರಗಳು ಚೆನ್ನಾಗಿ ಹೋದವು. ಚೆನ್ನಾಗಿ ಹೋದದ್ದೇ ತೊಂದರೆಯಾಯಿತು. ಗಿರಿಜಕ್ಕ ಒಂದು ರೊಟ್ಟಿ ಹೆಂಚಿಗೆ ಹಾಕಿ ಒಂದು ಸಲ ಮೊಬೈಲು ನೋಡುತ್ತಿದ್ದರು, ಪರದೆ ಹಿಟ್ಟಿನಿಂದ ಬೆಳ್ಳಗಾಗುತ್ತಿತ್ತು. ರೊಟ್ಟಿ ಹೊತ್ತುತ್ತಿದ್ದವು. ಸ್ವಲ್ಪ ಏರಿದರೆ ಬ್ಯಾಂಕಿನದನ್ನೂ ಹಾಕೋಣವೇ ಎನ್ನುವರು, ಸ್ವಲ್ಪ ಇಳಿದರೆ ಎಲ್ಲ ತೆಗೆದುಬಿಡೋಣವೇ ಎನ್ನುವರು. ಸಂತೆ ಒಂದು ದಿನ ನೆರೆದು ಮುಗಿಯುತ್ತದೆ, ಮಾರ್ಕೆಟ್ ಯಾರ್ಡು ಸಂಜೆಗೆ ಬಾಗಿಲು ಹಾಕುತ್ತದೆ, ಈ ಕ್ರಿಪ್ಟೊಗೆ ಬಾಗಿಲೇ ಇಲ್ಲ. ನೋಡುತ್ತಲೇ ಇರುವವರನ್ನು ಅದು ಮೆಲ್ಲಗೆ ತಿಂದುಹಾಕುತ್ತದೆ ಎಂದು ನಾನು ಎಷ್ಟು ಹೇಳಿದರೂ ಅವರ ಕಣ್ಣು ಮೊಬೈಲಿನಲ್ಲೇ.

ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗಿರಿಜಕ್ಕನ ತವರು ಇಟ್ಟಿಗಿ ಎಂಬ ಹಳ್ಳಿ, ಅವರಪ್ಪ ಬಿತ್ತನೆಯ ಹದ ತಪ್ಪಿದರೂ ಸೋಮವಾರ ಎತ್ತು ಹೂಡಿದವರಲ್ಲವಂತೆ. ನಾನು ಆ ಮಾತನ್ನೇ ಹಿಡಿದೆ. ಎತ್ತಿಗೆ ಇರುವ ಸೋಮವಾರ ದುಡ್ಡಿಗೂ ಇರಲಿ, ಸೋಮವಾರ ನಾವು ಮೂವರೂ ಆ್ಯಪ್ ತೆರೆಯಬಾರದು, ಭಾನುವಾರ ಸ್ಟಾಪ್‌ಲಾಸ್ ನೋಡಿಕೊಂಡರೆ ಮತ್ತೆ ಮಂಗಳವಾರವೇ ಎಂದೆ. ಒಂದು ದಿನ ಬಿಟ್ಟಿರುವುದು ಅಭ್ಯಾಸವಾದರೆ ಮಿಕ್ಕ ದಿನಗಳ ಹುಚ್ಚೂ ಇಳಿಯುತ್ತದೆ ಎಂಬುದು ನನ್ನ ಲೆಕ್ಕ. ನನಗದು ಬರೀ ಯುಕ್ತಿ. ಗಿರಿಜಕ್ಕ ಕೈ ತೊಳೆದು ಒಳಗೆ ಹೋದರು. ಹೊರಗೆ ಬಂದಾಗ ಹಣೆಯಲ್ಲಿ ಹೊಸದಾಗಿ ಹಚ್ಚಿದ ವಿಭೂತಿ ಇತ್ತು.

“ಆತ್ರಿ ಸರ. ಬಸವಣ್ಣನ ಮ್ಯಾಲೆ ಆಣಿ, ಸೋಮವಾರ ಮುಟ್ಟಂಗಿಲ್ಲ,” ಅಂದರು.

ಉಪಾಯ ಫಲಿಸಿತು. ಸೋಮವಾರ ಅವರ ಮೊಬೈಲು ದೇವರ ಗೂಡಿನ ಹತ್ತಿರ ಮಲಗಿರುತ್ತಿತ್ತು, ಫೋನ್ ಬಂದರೆ ಮಾತ್ರ ಎತ್ತುವರು. ರೊಟ್ಟಿ ಹೊತ್ತುವುದು ನಿಂತಿತು. ಬ್ಯಾಂಕಿನ ದುಡ್ಡಿನ ಮಾತೂ ನಿಂತಿತು. ನಾನು ಈ ಸೋಮವಾರದ ಕತೆಯನ್ನು ಸಿಕ್ಕವರಿಗೆಲ್ಲ ಹೇಳಿ ಬೀಗಿದೆ. ಹೇಳದೆ ಬಿಟ್ಟದ್ದು ಒಂದೇ. ಸೋಮವಾರಗಳಂದು ನಾನು ನೋಡುತ್ತಿದ್ದೆ. ಮೊದಲ ಸೋಮವಾರದಿಂದಲೇ ನೋಡುತ್ತಿದ್ದೆ. ಮಾರುತೆಪ್ಪನೂ ನೋಡುತ್ತಿದ್ದ, ಅದು ನನಗೆ ಗೊತ್ತಿತ್ತು, ನಮ್ಮಿಬ್ಬರಿಗೂ ಅದೊಂದು ತಮಾಷೆಯಾಗಿತ್ತು.

ಬೇಸಗೆ ಕೊನೆಗೆ ಬಂದಿತ್ತು. ಬೆಳಿಗ್ಗೆಯೇ ಗೋಡೆ ಕಾಯುವ ದಿನಗಳು, ಮಧ್ಯಾಹ್ನವಾದರೆ ಬೀದಿಯಲ್ಲಿ ನಾಯಿಯೂ ಇಲ್ಲ. ಅಂಥ ಒಂದು ಸೋಮವಾರ ಊಟ ಮುಗಿಸಿ ಆ್ಯಪ್ ತೆರೆದೆ. ಎಲ್ಲ ಕೆಂಪು. ನೋಡುತ್ತಿದ್ದ ಹಾಗೆಯೇ ಇನ್ನೂ ಕೆಂಪು. ನನ್ನ ಸ್ಟಾಪ್‌ಲಾಸ್ ಬೆಲೆ ಎಲ್ಲೋ ಮೇಲೆ ಉಳಿದುಹೋಗಿತ್ತು, ಆರ್ಡರು ಹಾಗೇ ನೇತಾಡುತ್ತಿತ್ತು. ಬೆವರಿದ ಬೆರಳಿನಿಂದ ಅದನ್ನು ರದ್ದು ಮಾಡಿ, ಸಿಕ್ಕ ಬೆಲೆಗೆ ಮಾರಿದೆ. ಏಟು ಬಿತ್ತು, ಆದರೆ ತಡೆದುಕೊಳ್ಳುವಂಥ ಏಟು. ಉಸಿರು ಬಿಡುವಷ್ಟರಲ್ಲಿ ಮಾರುತೆಪ್ಪನ ಫೋನು, ಹಡಗಲಿಯ ಬಸ್‌ಸ್ಟ್ಯಾಂಡಿನಿಂದ. ಅವನೂ ಮಾರಿ ಹೊರಬಂದಿದ್ದ.

“ಸರ, ಅಕ್ಕಂದು?” ಅಂದ.

ಅಕ್ಕನದು ನೇತಾಡುತ್ತಿರುತ್ತದೆ. ಎರಡು ಬೆಲೆ ಒಂದೇ ಹಾಕಿದವನು ನಾನೇ ಅಲ್ಲವೇ. ನೀನು ಏನೂ ಮಾತಾಡಬೇಡ, ನಾನೇ ಹೋಗಿ ಹೇಳುತ್ತೇನೆ ಎಂದೆ. ಹಾಗೆ ಹೇಳಿದಾಗ ಹೋಗುವ ಮನಸ್ಸು ನಿಜವಾಗಿಯೂ ಇತ್ತು.

ಚಪ್ಪಲಿ ಮೆಟ್ಟಿಕೊಂಡವನು ಬಾಗಿಲಲ್ಲೇ ನಿಂತೆ. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ನೋಡಿದೆ ಅನ್ನಬೇಕು. ಅವರ ಆಣೆಯ ಸೋಮವಾರ ನನಗೆ ಯುಕ್ತಿಯಾಗಿತ್ತು ಎಂಬುದು ಹೊರಬೀಳುತ್ತದೆ. ವಿಭೂತಿ ಹಚ್ಚಿಕೊಂಡು ಬಂದ ಆ ಮುಖದ ಎದುರು ನಿಂತು ಅದನ್ನು ಹೇಳಲು ನನಗೆ ಆಗಲಿಲ್ಲ. ಆಗಲಿಲ್ಲ ಎನ್ನುವುದು ಸುಳ್ಳು, ಹೇಳುವುದು ನನಗೆ ಬೇಕಿರಲಿಲ್ಲ. ಸಂಜೆಯೊಳಗೆ ಬೆಲೆ ಹೊಳ್ಳಿ ಏರಿದರೆ ಹೇಳುವ ಪ್ರಸಂಗವೇ ಬರುವುದಿಲ್ಲ ಎಂದು ಕೂತೆ. ಬಿದ್ದದ್ದು ಏಳುತ್ತದೆ ಎಂದು ಕಾಯಬೇಡಿ ಎಂದು ಊರಿಗೆಲ್ಲ ಹೇಳಿದವನು ನಾನೇ.

ಏರಲಿಲ್ಲ. ನಾಲ್ಕರ ಸುಮಾರಿಗೆ ಪಡುವಣದಲ್ಲಿ ಮೋಡ ಕಟ್ಟಿ, ಧೂಳಿನ ಗಾಳಿ ಎದ್ದು, ಆ ವರ್ಷದ ಮೊದಲ ದೊಡ್ಡ ಮಳೆ ಬಂತು. ಕರೆಂಟು ಹೋಯಿತು. ಕ್ಲಾಸಿಗೆ ಯಾರೂ ಬರಲಿಲ್ಲ. ಮಳೆ ನಿಂತ ಮೇಲೆ ಹೊರಟೆ. ಓಣಿಗಳಲ್ಲಿ ಕೆಂಪು ನೀರು ಹರಿಯುತ್ತಿತ್ತು, ಮುರಿದ ಬೇವಿನ ಟೊಂಗೆಗಳು ಬಿದ್ದಿದ್ದವು. ಬೇವಿನ ಮರದ ತನಕ ಹೋದೆ. ಅಲ್ಲಿಂದ ಕಟ್ಟೆ ಕಂಡಿತು. ಗಿರಿಜಕ್ಕ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು, ಕೈಯಲ್ಲಿ ಕೆಲಸವಿಲ್ಲ. ಒಲೆ ಆರಿತ್ತು. ತಂಬ್ರಹಳ್ಳಿ ಮದುವೆಯ ಆರ್ಡರು ಇದ್ದ ವಾರ ಅದು, ಮಳೆಯ ಇರಚಲಿಗೆ ಒಲೆ ಆರಿರಬೇಕು, ತಂಪಿಗೆ ಹೊರಗೆ ಕೂತಿದ್ದಾರೆ ಎಂದುಕೊಂಡೆ.

ಆ ಮರದ ಕೆಳಗೆ ನಿಂತು ನಾನು ಮಾಡಿದ್ದು ಒಂದು ವಾದ. ಅವರು ಬಸವಣ್ಣನ ಮೇಲೆ ಆಣೆ ಇಟ್ಟಿದ್ದಾರೆ. ನಾನು ಹೋಗಿ ಹೇಳಿದರೆ ಆಣೆ ಮುರಿಯಬೇಕಾಗುತ್ತದೆ. ಒಬ್ಬರ ನಂಬಿಕೆ ಮುರಿಯಲು ನಾನು ಯಾರು? ಈ ದೊಡ್ಡ ಮಾತು ಬಾಯಲ್ಲಿ ಇಟ್ಟುಕೊಂಡು ಹೊಳ್ಳಿ ಬಂದೆ. ಮಾರುತೆಪ್ಪನದು ಆ ರಾತ್ರಿ ಬಸ್ಸಿನಲ್ಲೇ ಉಳಿಯುವ ಪಾಳಿ, ಕೇಳುವವರೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಗಿರಿಜಕ್ಕನೇ ಫೋನ್ ಮಾಡಿ ಬರಹೇಳಿದರು. ಆ್ಯಪ್ ತೆರೆದು ನನ್ನ ಕೈಗೆ ಕೊಟ್ಟರು. ಹಾಕಿದ್ದರಲ್ಲಿ ಅರ್ಧವೂ ಉಳಿದಿರಲಿಲ್ಲ. ನಿಯಮದ ಪ್ರಕಾರ ಈಗ ಮಾರಿಬಿಡಬೇಕು ಎಂದೆ. ಮಾರ್ರಿ ಅಂದರು. ಮಾರಿದೆ. ಅತ್ತಿದ್ದರೆ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಉಂಡೆ ಕಟ್ಟುತ್ತಾ ಕೇಳಿದ್ದು ಎರಡೇ ಮಾತು.

“ನಿನ್ನಿ ಈ ಕಡಿ ಬಂದಿದ್ರೇನ್ರಿ ಸರ?”

ಇಲ್ಲ ಅಂದೆ. ಮಳೆ, ಕರೆಂಟು, ಕ್ಲಾಸು ಎಂದೆಲ್ಲ ಸೇರಿಸಿದೆ.

“ನಿಮ್ದೂ ಹೋತೇನ್ರಿ?”

ನಂದೂ ಹೋಯಿತು ಅಂದೆ. ಅವರು ತಲೆ ಆಡಿಸಿ, ನನ್ನ ಪೊಟ್ಟಣಕ್ಕೆ ಎರಡು ರೊಟ್ಟಿ ಹೆಚ್ಚಿಗೆ ಇಟ್ಟರು. ಅವನ್ನು ಕೋಣೆಗೆ ತಂದು ತಿಂದೆ. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಯಂತ್ರದ ಮಾತು ಮತ್ತೆ ಬರಲಿಲ್ಲ. ಮಾರುತೆಪ್ಪ ಹೇಳಿದಿರಾ ಎಂದು ಕೇಳಿದಾಗ, ಹೇಳಲು ಹೋದೆ, ತಡವಾಗಿತ್ತು ಎಂದೆ. ಅವನು ನನ್ನ ಮುಖ ನೋಡಿ ತನ್ನ ಕೋಣೆಗೆ ಹೋದ. ಆಮೇಲೆ ಅವನು ಡ್ಯೂಟಿ ಬದಲಿಸಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋದ. ಮಳೆಗಾಲ ಮುಗಿಯುವ ಹೊತ್ತಿಗೆ ನಾನೂ ಕ್ಲಾಸು ಎತ್ತಿಕೊಂಡು ಹರಪನಹಳ್ಳಿಗೆ ಬಂದೆ. ಇಲ್ಲಿ ವಿದ್ಯಾರ್ಥಿಗಳು ಹೆಚ್ಚು ಎಂದು ಎಲ್ಲರಿಗೂ ಹೇಳಿದೆ. ಟ್ರೇಡಿಂಗು ಬಿಡಲಿಲ್ಲ. ಸಣ್ಣದಾಗಿ, ನಿಯಮ ಹಿಡಿದು, ಈಗಲೂ ಮಾಡುತ್ತೇನೆ. ಸ್ಟಾಪ್‌ಲಾಸಿನ ಎರಡು ಬೆಲೆಗಳ ನಡುವೆ ಜಾಗ ಬಿಡುತ್ತೇನೆ. ಬೇರೆ ಯಾರಿಗೂ ಏನೂ ಕಲಿಸುವುದಿಲ್ಲ.

ಖಾನಾವಳಿಗೆ ಆ ಯಂತ್ರ ಬಂದ ಮೇಲೆ ತಡೆಯಲಾಗಲಿಲ್ಲ. ಕಳೆದ ವಾರ ಬಸ್ಸು ಹತ್ತಿ ಕೊಟ್ಟೂರಿಗೆ ಹೋದೆ. ಎಲ್ಲವನ್ನೂ ಹೇಳಿ ಕ್ಷಮೆ ಕೇಳಿ ಬರುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬೇವು ಹೂ ಬಿಟ್ಟಿತ್ತು. ಚಪ್ಪರದ ಕೆಳಗೆ ಬೇರೊಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು, ಕೂಲಿಗೆ ಬರುವವಳಂತೆ. ಗಿರಿಜಕ್ಕ ಪಕ್ಕದಲ್ಲಿ ಕೂತು ಎಡಗೈಯಲ್ಲಿ ರೊಟ್ಟಿ ಎಣಿಸಿ ಕಟ್ಟುತ್ತಿದ್ದರು. ಬಲಗೈ ಮಡಿಲಲ್ಲಿತ್ತು. ಅದರ ಮುಂದಿನ ಮದುವೆ ಸೀಜನ್ನಿನಲ್ಲೇ ಕೈ ಪೂರ್ತಿ ನಿಂತಿತಂತೆ, ಆಪರೇಷನ್ ಮಾಡಿಸಿದರೂ ಬಟ್ಟಲು ಎತ್ತುವಷ್ಟು ಬಲ ಬಂದಿಲ್ಲವಂತೆ. ಇದನ್ನೆಲ್ಲ ಅವರು ಮಳೆ ಬೆಳೆಯ ಸುದ್ದಿ ಹೇಳಿದ ಹಾಗೆ ಹೇಳಿದರು. ನನ್ನ ಕ್ಲಾಸು ಹೇಗೆ ನಡೆಯುತ್ತಿದೆ ಎಂದು ವಿಚಾರಿಸಿದರು. ಚಹಾ ಕೊಟ್ಟರು.

ಚಹಾ ಕುಡಿದು ಬಾಯಿ ಬಿಟ್ಟೆ. ಅಕ್ಕಾರೆ, ಅವತ್ತು ಸೋಮವಾರ ನಾನು ಎಂದು ಶುರುಮಾಡಿದೆ.

“ಗೊತ್ತೈತ್ರಿ,” ಅಂದರು. ಎಣಿಸುವ ಕೈ ನಿಲ್ಲಿಸಲಿಲ್ಲ. “ಮಾರುತೆಪ್ಪ ಅವತ್ತ ಮಧ್ಯಾಹ್ನನ ಫೋನ್ ಮಾಡಿದ್ದ. ಸರ ಬರ್ತಾರಕ್ಕ, ಏನೋ ಹೇಳೋದೈತಂತ, ಮನಿ ಬಿಟ್ಟು ಎಲ್ಲೂ ಹೋಗಬ್ಯಾಡ ಅಂದ. ಏನಂತ ಕೇಳಿದ್ರ ಹೇಳಲಿಲ್ಲ. ಅದಕ್ಕ ಒಲಿ ಆರಿಸಿ ಕಟ್ಟಿ ಮ್ಯಾಲೆ ಕುಂತಿದ್ದೆ. ಮಳಿ ಬಂದ್ರೂ ಒಳಗ ಹೋಗ್ಲಿಲ್ಲ.”

ಕೈಯಲ್ಲಿದ್ದ ಖಾಲಿ ಲೋಟ ಕೆಳಗಿಟ್ಟೆ.

“ನೀವು ಗಿಡದ ತನಕ ಬಂದ್ರಿ. ನಿಂತ್ರಿ. ಹೊಳ್ಳಿ ಹೋದ್ರಿ.”

ಕೂಗಿ ಕರೆಯಬಾರದಿತ್ತೇ ಎಂದೆ. ಹಾಗೆ ಕೇಳುವಷ್ಟು ನಾಚಿಕೆಗೆಟ್ಟಿದ್ದೆ.

“ಕರೀಬೇಕಂತ ಎದ್ದಿದ್ದೆ. ಹೇಳೋರಿಗೆ ಮನಸಿಲ್ದಾಗ ಕರೆದು ಏನು ಮಾಡೋದಂತ ಕುಂತೆ. ನಾಳಿ ಹೇಳ್ತಾರ ಬಿಡು ಅನಕೊಂಡೆ.”

ಮರುದಿನ ಅವರು ಕೇಳಿದ ಎರಡು ಮಾತು ನೆನಪಾಯಿತು. ಇಲ್ಲ ಅಂದದ್ದೂ, ನಂದೂ ಹೋಯಿತು ಅಂದದ್ದೂ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಯಾವ ಮಾತಿಗೂ ಅಲ್ಲಿ ಕೆಲಸವಿರಲಿಲ್ಲ. ಕ್ಷಮೆ ಕೇಳಿದೆ. ಅವರು ಒಂದು ಕಟ್ಟು ರೊಟ್ಟಿ ಮುಂದೆ ಇಟ್ಟು ರೇಟು ಹೇಳಿದರು. ಕೊಟ್ಟೆ. ಎಣಿಸಿ ಚಿಲ್ಲರೆ ವಾಪಸು ಕೊಟ್ಟರು. ಹೆಚ್ಚಿಗೆ ಎರಡು ರೊಟ್ಟಿ ಈ ಸಲ ಇರಲಿಲ್ಲ.

ಬಸ್ಸಿಗೆ ಹೊರಟವನು ಬೇವಿನ ಮರದ ಕೆಳಗೆ, ಅವತ್ತು ನಿಂತಿದ್ದ ಜಾಗದಲ್ಲೇ ನಿಂತು ತಿರುಗಿ ನೋಡಿದೆ. ಅಲ್ಲಿಂದ ಕಟ್ಟೆ ಚೆನ್ನಾಗಿ ಕಾಣುತ್ತದೆ. ಕಟ್ಟೆಯ ಮೇಲೆ ಕೂತವರಿಗೂ ಈ ಮರ ಅಷ್ಟೇ ಚೆನ್ನಾಗಿ ಕಾಣುತ್ತದೆ ಎಂಬುದು ಅವತ್ತು ನನಗೆ ಹೊಳೆದಿರಲಿಲ್ಲ.